ಅಮ್ಮನ ಅರಿಶಿನ

"ತಲೆಗೆ ಯಾವತ್ತಾದರೂ ಜೋರಾಗಿ ಏಟು ಬಿದ್ದಿತ್ತಾ?" ಎಂದು ಡಾಕ್ಟರಮ್ಮ ಕೇಳಿದಾಗ ಹುಚ್ಚರಂಗಯ್ಯನೂ ಅವನ ಮಗ ಸೂರ್ಯಪ್ರಕಾಶನೂ ಒಟ್ಟಿಗೇ "ಇಲ್ಲ" ಎಂದರು. ಇಬ್ಬರೂ ಸುಳ್ಳು ಹೇಳುವ ಜನವಲ್ಲ. ಕೇಳಿದ್ದನ್ನು ನೆನೆಸಿ ನೋಡಿ, ಏನೂ ನೆನಪಿಗೆ ಬಾರದೆ, ಇಲ್ಲವೆಂದರು.

"ಗಾಡಿಯಿಂದ ಬಿದ್ದದ್ದು? ಬಾಗಿಲಿಗೆ ಬಡಿಸಿಕೊಂಡದ್ದು?"

"ಇಲ್ಲ ತಾಯಿ. ಇವನು ಹುಟ್ಟಿದಾಗ್ನಿಂದ ಒಂದು ದಿನ ತಲೆನೋವು ಅಂತ ಮಲಗ್ದೋನಲ್ಲ."

ಬೆಂಗಳೂರಿನ ಆ ದೊಡ್ಡ ಕಣ್ಣಾಸ್ಪತ್ರೆಗೆ ಅವರು ಬಂದದ್ದು ಗೌರಿಹಬ್ಬ ಕಳೆದ ಮೇಲೆ. ಬಂದರು ಅನ್ನುವುದಕ್ಕಿಂತ ಸೂರ್ಯಪ್ರಕಾಶನ ಹೆಂಡತಿ ಮಧುಶ್ರೀ ಎಳೆದುಕೊಂಡು ಬಂದಳು ಎಂದರೆ ಸರಿ. ಸೂರ್ಯಪ್ರಕಾಶ ತುರುವೇಕೆರೆಯಿಂದ ಅಮ್ಮಸಂದ್ರದ ಮೇಲೆ ತುಮಕೂರಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರು. ಹಿಂದಿನ ವರ್ಷದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಅಮ್ಮಸಂದ್ರದ ಹತ್ತಿರ ಸಿಮೆಂಟ್ ಫ್ಯಾಕ್ಟರಿಯ ಚಿಮಣಿ ಅವನಿಗೆ ನಡು ಮುರಿದುಕೊಂಡಂತೆ ಕಂಡಿತು. "ಚಿಮಣಿ ಸೊಟ್ಟಗೈತೆ ನೋಡ್ಲಾ" ಎಂದು ಕಂಡಕ್ಟರಿಗೆ ತೋರಿಸಿದ. "ಹೊತ್ತುಟ್ಟೋ ಮುಂಚೆನೇ ಹಾಕ್ಕಂಡು ಬಂದ್ಯೇನಣ್ಣ?" ಎಂದು ಕಂಡಕ್ಟರು ನಕ್ಕ. ಅದಾದ ಮೇಲೆ ರಸ್ತೆಯ ಬಿಳಿ ಗೆರೆ ಅಲೆಯಂತೆ ಏರಿಳಿಯತೊಡಗಿತು. ಎಡಗಣ್ಣಿನ ನಟ್ಟನಡುವೆ ಮಸಿಯಂಥ ಒಂದು ಮಚ್ಚೆ ಕೂತಿತು. ಲೈಸೆನ್ಸು ಹೋದೀತೆಂದು ಅವನು ಯಾರಿಗೂ ಹೇಳದೆ, ಮೆಡಿಕಲ್ ಸ್ಟೋರಿನ ಹನಿ ಹಾಕಿಕೊಂಡು, ಗುಡಿಯ ತೀರ್ಥ ಕಣ್ಣಿಗೊತ್ತಿಕೊಂಡು, ಒಂದೇ ಕಣ್ಣಿನಲ್ಲಿ ಎಂಟು ತಿಂಗಳು ಬಸ್ಸು ಓಡಿಸಿದ. ಒಂದು ದಿನ ಊಟಕ್ಕೆ ಕೂತು ಲೋಟದ ಪಕ್ಕದ ನೆಲಕ್ಕೆ ಮಜ್ಜಿಗೆ ಬಗ್ಗಿಸಿದಾಗ ಮಧುಶ್ರೀಗೆ ಗೊತ್ತಾಯಿತು.

ಡಾಕ್ಟರಮ್ಮ ಅವನ ಕಣ್ಣಿನೊಳಗಿನ ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಕೆಂಪು ದುಂಡಿನ ಮೇಲೆ ಬೇರು ಹರಡಿದಂತೆ ಕಂದು ಗೆರೆಗಳು. ಬೇಸಿಗೆಯಲ್ಲಿ ಕೆರೆಯಂಗಳ ಬಿರಿದ ಹಾಗಿತ್ತು.

"ಕಣ್ಣಿನ ಹಿಂದೆ ಒಂದು ತೆಳುವಾದ ಪೊರೆ ಇರುತ್ತೆ. ರಬ್ಬರಿನ ಹಾಗೆ ಬಾಗಬೇಕು ಅದು. ಇವರಿಗೆ ಅದರಲ್ಲಿ ಕ್ಯಾಲ್ಸಿಯಂ ಕೂತುಬಿಟ್ಟಿದೆ. ಸುಣ್ಣ ಕಟ್ಟಿದಂತೆ ಅಂದುಕೊಳ್ಳಿ. ಅದಕ್ಕೇ ಬಿರುಕು ಬಿಟ್ಟಿದೆ. ಬಿರುಕಿನಲ್ಲಿ ರಕ್ತ ಒಸರಿದೆ."

"ಎಲೆ ಅಡಿಕೆ ಇವತ್ತಿಂದ್ಲೇ ಬುಡುಸ್ತೀನಿ ತಾಯಿ" ಎಂದ ಹುಚ್ಚರಂಗಯ್ಯ.

"ಆ ಸುಣ್ಣ ಅಲ್ಲ ಅಜ್ಜಾ. ಇದು ತಿಂದು ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು." ಡಾಕ್ಟರಮ್ಮ ಎದ್ದು ಸೂರ್ಯಪ್ರಕಾಶನ ಅಂಗಿಯ ಕಾಲರು ಸರಿಸಿ ಕುತ್ತಿಗೆ ನೋಡಿದರು. ಎರಡೂ ಪಕ್ಕದಲ್ಲಿ ಚರ್ಮ ಸಡಿಲವಾಗಿ, ಪುಕ್ಕ ಕಿತ್ತ ಕೋಳಿಯ ಮೈಯಂತೆ, ಹಳದಿ ಹಳದಿ ಕಾಳು ಎದ್ದಿತ್ತು. "ಇದು ಎಷ್ಟು ವರ್ಷದಿಂದ ಇದೆ?"

ಹುಚ್ಚರಂಗಯ್ಯನ ಬೆನ್ನು ತಾನಾಗಿ ನೆಟ್ಟಗಾಯಿತು. "ಅದು ಕಾಯ್ಲೆ ಅಲ್ಲ ತಾಯಿ. ಅಮ್ಮನ ಅರಿಶಿನ. ನಮ್ಮನೆ ದೇವ್ರು ಹೊನ್ನಮ್ಮ ಕೊಟ್ಟ ಗುರ್ತು. ಬೇರೆ ಯಾರಿಗೂ ಬರಾಕಿಲ್ಲ."

"ನಿಮ್ಮ ಮನೆಯಲ್ಲಿ ಎಷ್ಟು ಜನಕ್ಕಿದೆ?"

ಅವನು ಬೆರಳು ಮಡಿಸಿದ. ತೀರಿಹೋದ ಹೆಂಡತಿ ಭೂತಮ್ಮ, ಮಗ, ಅಣ್ಣನ ಮಗ ಸಣ್ಣತಿಮ್ಮಯ್ಯ, ಅಕ್ಕನ ಮನೆಯಲ್ಲಿ ಮೂವರು, ಅವರ ಮಕ್ಕಳು. ಹನ್ನೊಂದಾಯಿತು. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಹೆಮ್ಮೆ ಏರಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಅದೂ ಇದೂ ಒಂದೇ ಕಾಯಿಲೆ ಅಜ್ಜಾ. ಚರ್ಮದಲ್ಲಿ ಕೂತದ್ದೇ ಕಣ್ಣಲ್ಲೂ ಕೂತಿದೆ. ರಕ್ತಸಂಬಂಧದಲ್ಲೇ ಮದುವೆ ಮಾಡಿಕೊಳ್ಳುತ್ತ ಬಂದಿದ್ದೀರಲ್ಲ, ಅದಕ್ಕೆ ಇಷ್ಟು ಜನಕ್ಕೆ ಬಂದಿದೆ. ಎಲ್ಲರನ್ನೂ ಕರೆದುಕೊಂಡು ಬನ್ನಿ, ನೋಡುತ್ತೇನೆ." ಆಮೇಲೆ ಸೂರ್ಯಪ್ರಕಾಶನ ಕಡೆ ತಿರುಗಿ, "ಎಡಗಣ್ಣಿಗೆ ಇಂಜೆಕ್ಷನ್ ಕೊಡೋಣ, ಆದರೆ ತಡವಾಗಿದೆ. ಬಲಗಣ್ಣಿನಲ್ಲೂ ಬಿರುಕಿದೆ, ರಕ್ತ ಇನ್ನೂ ಬಂದಿಲ್ಲ. ಅದನ್ನು ಉಳಿಸಿಕೊಳ್ಳಬೇಕು. ತಲೆಗೆ, ಕಣ್ಣಿಗೆ ಒಂದು ಸಣ್ಣ ಪೆಟ್ಟೂ ಬೀಳಬಾರದು. ನೆನಪಿರಲಿ" ಎಂದರು.

ರೋಗದ ಹೆಸರು ಉದ್ದವಾಗಿತ್ತು. ಹುಚ್ಚರಂಗಯ್ಯನ ನಾಲಿಗೆಗೆ ಅದು ಹತ್ತಲಿಲ್ಲ. ಮನಸ್ಸಿಗೂ ಹತ್ತಲಿಲ್ಲ.

ಹತ್ತುವುದಾದರೂ ಹೇಗೆ? ಅವನ ಮನೆತನದಲ್ಲಿ ಆ ಹಳದಿ ಕಾಳಿಗೆ ನಮಸ್ಕಾರ ಮಾಡಿದವರುಂಟು. ಮಕ್ಕಳಿಗೆ ಹನ್ನೆರಡು ಹದಿಮೂರು ತುಂಬಿದಾಗ ಹಿರಿಯ ಹೆಂಗಸರು ಕುತ್ತಿಗೆ ಸವರಿ ನೋಡುತ್ತಿದ್ದರು. ಕಾಳು ಕೈಗೆ ಸಿಕ್ಕಿತೋ, ಆ ದಿನ ಮನೆಯಲ್ಲಿ ಹೋಳಿಗೆ. ಗುರುತಿರುವ ಹೆಣ್ಣನ್ನು ಹೊರಗೆ ಕೊಡುತ್ತಿರಲಿಲ್ಲ. ಅಮ್ಮನ ಅರಿಶಿನ ಪರರ ಮನೆ ಸೇರಬಾರದೆಂದು ಸೋದರಮಾವನಿಗೋ ಅತ್ತೆಯ ಮಗನಿಗೋ ಧಾರೆ ಎರೆಯುತ್ತಿದ್ದರು. ಹುಚ್ಚರಂಗಯ್ಯನಿಗೆ ತನ್ನ ಕುತ್ತಿಗೆ ನುಣ್ಣಗಿದೆಯೆಂದು ಎಳವೆಯಲ್ಲಿ ಬಹಳ ದುಃಖವಿತ್ತು. ಅಕ್ಕನ ಮಗಳು ಭೂತಮ್ಮನನ್ನು ಕೈಹಿಡಿದಾಗ ಆ ದುಃಖ ಹೋಯಿತು. ಅವಳ ಕುತ್ತಿಗೆ ತಾಳಿಗಿಂತ ಮೊದಲೇ ಹಳದಿಯಾಗಿತ್ತು.

ಗುರುತು ಬಂದ ಗಂಡಸರು ಹದಿನೆಂಟು ತುಂಬಿದ ಮೇಲೆ ಪ್ರತಿ ಕಾರ್ತಿಕದಲ್ಲಿ ಹೊನ್ನಮ್ಮನ ಗುಡಿಯ ಮುಂದೆ ಪವಾಡಕ್ಕೆ ಕೂರಬೇಕು. ಒಂಬತ್ತು ದಿನ ಒಪ್ಪತ್ತು ಇದ್ದು, ಮಿಂದು, ಒದ್ದೆ ಪಂಚೆಯಲ್ಲಿ ಮಣೆಯ ಮೇಲೆ ಸಾಲಾಗಿ ಕೂತವರ ನೆತ್ತಿಗೆ ಭಂಡಾರದ ಅರಿಶಿನ ಬಳಿದು, ಡೊಳ್ಳು ಏರಿದಾಗ ಪೂಜಾರಿ ಒಬ್ಬೊಬ್ಬರ ನೆತ್ತಿಯ ಮೇಲೆ ಒಂದೊಂದು ತೆಂಗಿನಕಾಯಿ ಒಡೆಯುತ್ತಾನೆ. ಆ ಪೂಜಾರಿ ಹುಚ್ಚರಂಗಯ್ಯ. ನಲವತ್ತೊಂದು ವರ್ಷ ಅವನ ಕೈಯಲ್ಲಿ ಯಾವ ಕಾಯಿಯೂ ಎರಡನೆಯ ಸಲ ಎತ್ತಿಸಿಕೊಂಡಿರಲಿಲ್ಲ. ಮಗನ ತಲೆಗೆಂದು ಅವನು ತೋಟದಲ್ಲೇ ದಪ್ಪನೆಯ ಕಾಯಿಯನ್ನು ಆರಿಸಿ ಇಡುತ್ತಿದ್ದ. ಹಿಂದಿನ ವರ್ಷ ಆರಿಸಿದ್ದ ಕಾಯಿಯನ್ನು ನೋಡಿ ಊರವರು, "ಪೂಜಾರ್ರಿಗೆ ಮಗ ಅಂದ್ರೆ ಬಲು ಪ್ರೀತಿ" ಎಂದಿದ್ದರು.

ಡಾಕ್ಟರಮ್ಮ ಏಟು ಬಿದ್ದಿತ್ತೇ ಎಂದು ಕೇಳಿದಾಗ ಇದು ತಂದೆಗೂ ನೆನಪಾಗಲಿಲ್ಲ, ಮಗನಿಗೂ ನೆನಪಾಗಲಿಲ್ಲ. ಅಮ್ಮನ ಪ್ರಸಾದವನ್ನು ಏಟು ಎಂದು ಎಣಿಸಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಊರಿಗೆ ಬಂದ ಮರುದಿನ ಅಣ್ಣ ಶ್ರೀರಂಗಯ್ಯ ನೋಡಲು ಬಂದ. ಎಪ್ಪತ್ತೆರಡು ದಾಟಿದರೂ ಎದೆ ಸೆಟೆದು ನಡೆಯುವ ಆಳು. ಮನೆತನಕ್ಕೆ ಅವನೇ ಯಜಮಾನ. ಪವಾಡದ ದಿನ ಗೊತ್ತುಮಾಡುವುದು, ಯಾರು ಕೂರಬೇಕೆಂದು ಹೇಳುವುದು ಅವನೇ. ಜಗುಲಿಯ ಮೇಲೆ ಕೂತು ಸೂರ್ಯಪ್ರಕಾಶನ ಬೆನ್ನು ಸವರಿದ.

"ಹೋದ ವರ್ಷ ಎಲ್ಲೋ ಮಡಿ ಕೆಟ್ಟೈತೆ ಕಣ್ಲಾ ಮಗ. ಬಸ್ಸಿನ ಕೆಲ್ಸ, ಎಲ್ಲೆಲ್ಲಿ ತಿಂದ್ಯೋ ಏನು ಮುಟ್ಟಿದ್ಯೋ. ಈ ಸಲ ಶ್ರದ್ಧೆಯಿಂದ ಕೂತ್ಕೊ. ಅಮ್ಮನೇ ಕಣ್ಣು ಕೊಡ್ತಾಳೆ."

"ಆಯ್ತು ದೊಡ್ಡಪ್ಪ" ಎಂದ ಸೂರ್ಯಪ್ರಕಾಶ.

ಮಧುಶ್ರೀ ಬಾಗಿಲಿಗೆ ಬಂದಳು. ಅವಳು ಚಿಕ್ಕನಾಯಕನಹಳ್ಳಿಯವಳು, ಹೊರಗಿನ ಸಂಬಂಧ. "ಡಾಕ್ಟ್ರು ತಲೆಗೆ ಪೆಟ್ಟು ಬೀಳ್ಬಾರ್ದು ಅಂದವ್ರೆ, ದೊಡ್ಡಮಾವ."

"ಪೆಟ್ಟು ಯಾರು ಹೊಡಿತಾರೆ ತಾಯಿ? ನಿಮ್ಮ ಮಾವನ ಕೈ ಹೂವಿನಂಗೆ. ಅಲ್ವೇನ್ಲಾ ತಮ್ಮಯ್ಯ?"

ಹುಚ್ಚರಂಗಯ್ಯ ಹೌದೆಂದು ತಲೆಯಾಡಿಸಿದ. ಮಧುಶ್ರೀ ಅವನನ್ನೇ ನೋಡಿ, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಳಗಿಂದ ಪಾತ್ರೆಯ ಸದ್ದು ಬಹಳ ಹೊತ್ತು ಕೇಳಿಸಿತು.

ಡಾಕ್ಟರಮ್ಮ ಸೂರ್ಯಪ್ರಕಾಶನಿಗೆ ಗಟ್ಟಿ ಗಾಜಿನ ಕನ್ನಡಕ ಬರೆದುಕೊಟ್ಟಿದ್ದರು. ಅದನ್ನು ತಿಪಟೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಿಜಾಮುದ್ದೀನನ ಅಂಗಡಿಯಲ್ಲಿ ಮಾಡಲು ಕೊಟ್ಟಿದ್ದರು. ದೀಪಾವಳಿ ಹತ್ತಿರ ಬಂದಾಗ ಹುಚ್ಚರಂಗಯ್ಯ ಅದನ್ನು ತರಲು ಒಬ್ಬನೇ ಹೋದ. ಬುಧವಾರ, ಕೊಬ್ಬರಿ ಹರಾಜಿನ ದಿನವಾದ್ದರಿಂದ ಬೀದಿಯ ತುಂಬ ಜನ.

"ಬನ್ನಿ ಪೂಜಾರ್ರೇ, ಬನ್ನಿ. ಮೊನ್ನೆ ನಮ್ಮ ಹುಡುಗಿ ಆಯೇಷಾ ಚೀಟಿ ಇಸ್ಕಂಡಿದ್ಲು, ನಾನಿರ್ಲಿಲ್ಲ." ನಿಜಾಮುದ್ದೀನ್ ಕನ್ನಡಕವನ್ನು ಬಟ್ಟೆಯಿಂದ ಒರೆಸುತ್ತ ಆಸ್ಪತ್ರೆಯ ಕಾಗದವನ್ನು ಮತ್ತೊಮ್ಮೆ ನೋಡಿದ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಗೊತ್ತಿದ್ದೂ ಇಷ್ಟು ದಿನ ಯಾಕೆ ಬುಟ್ರಿ? ಮೊದ್ಲೇ ಇಂಜೆಕ್ಷನ್ನು ಹಾಕ್ಸಿದ್ರೆ ಈ ಕಣ್ಣು ಉಳೀತಿತ್ತಲ್ಲ."

"ನಮಗೆಲ್ಲಿ ಗೊತ್ತಿತ್ತು ಸಾಬ್ರೇ? ಈಗ ಎರಡು ತಿಂಗ್ಳಾಯ್ತು ಅಷ್ಟೆ."

"ಯಾಕೆ, ನಿಮ್ಮಣ್ಣೋರು ಹೇಳ್ನಿಲ್ವಾ?"

ಹುಚ್ಚರಂಗಯ್ಯ ಅವನ ಮುಖ ನೋಡಿದ.

"ಏಳು ವರ್ಷ ಆಯ್ತು ಯಜಮಾನ್ರೇ. ಸಣ್ಣತಿಮ್ಮಯ್ಯನ್ನ ಕರ್ಕಂಡು ಇಲ್ಲಿಗೇ ಬಂದಿದ್ರು. ‘ಪವಾಡದಲ್ಲಿ ಕಾಯಿ ಒಡೆದ ಮೂರನೇ ದಿನಕ್ಕೆ ನನ್ ಮಗನ ಕಣ್ಣು ಹಿಂಗಾಯ್ತು ಸಾಬ್ರೇ’ ಅಂತ ಅಳ್ತಾ ನಿಂತಿದ್ರು. ಬೆಂಗ್ಳೂರಿಗೆ ಕಳ್ಸಿದೋನು ನಾನು. ಅಲ್ಲಿ ಡಾಕ್ಟ್ರು ಬರೆದಿದ್ದನ್ನ ಓದಿ ಹೇಳಿದೋನೂ ನಾನು. ತಲೆಗೆ ಏಟು ಬೀಳ್ಬಾರ್ದು, ಕುತ್ತಿಗೆಲಿ ಕಾಳಿರೋ ನೆಂಟ್ರನ್ನೆಲ್ಲ ತೋರಿಸ್ಬೇಕು ಅಂತ ಇತ್ತು. ‘ಎಲ್ಲಾರ್ಗೂ ಹೇಳ್ತೀನಿ ಬುಡಿ’ ಅಂದ್ರು. ನಾನು ನಂಬಿದೆ." ನಿಜಾಮುದ್ದೀನನ ಕೈ ನಿಂತಿತು. "ಸಣ್ಣತಿಮ್ಮಯ್ಯಂದು ಎರಡೂ ಕಣ್ಣು ಚೆನ್ನಾಗವೆ ಈಗ. ಆಗಾಗ ಹೋಗಿ ಸೂಜಿ ಹಾಕಿಸ್ಕಂಡು ಬರ್ತಾರೆ. ರೋಗದ್ದು ಇಷ್ಟುದ್ದದ ಹೆಸ್ರು, ನಾನು ಮರೆಯೋಕಾಗುತ್ತಾ?"

"ಪವಾಡದಲ್ಲಿ ಅಂದ್ನಾ ಅವನು?"

"ಪವಾಡದಲ್ಲೇ ಅಂದ್ರು."

"ಏಟು ಅಂತ ಅಂದ್ನಾ?"

"ನೆತ್ತಿ ಮೇಲೆ ಕಾಯಿ ಒಡೆದ್ರೆ ಏಟಲ್ದೆ ಇನ್ನೇನು ಯಜಮಾನ್ರೇ?"

ಹುಚ್ಚರಂಗಯ್ಯ ತನ್ನ ಎರಡು ಕೈಗಳನ್ನು ನೋಡಿಕೊಂಡ. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ನಿಜಾಮುದ್ದೀನ್ ನೀರು ತಂದುಕೊಟ್ಟ, ಕುಡಿಯಲಿಲ್ಲ.

ಸಣ್ಣತಿಮ್ಮಯ್ಯ ಕೊನೆಯ ಸಲ ಪವಾಡಕ್ಕೆ ಕೂತು ಏಳು ವರ್ಷವಾಗಿತ್ತು. ಪ್ರತಿ ಕಾರ್ತಿಕಕ್ಕೆ ಅವನು ಅಯ್ಯಪ್ಪನ ಮಾಲೆ ಹಾಕಿಬಿಡುತ್ತಿದ್ದ. ಮಾಲೆ ಹಾಕಿದವನು ಬೇರೆ ಹರಕೆಗೆ ಕೂರಬಾರದೆಂದು ಶ್ರೀರಂಗಯ್ಯನೇ ಹೇಳಿದ್ದ. ಆ ಹುಡುಗನ ನೇಮ ನಿಷ್ಠೆಯನ್ನು ಹುಚ್ಚರಂಗಯ್ಯ ಎಷ್ಟು ಜನರ ಮುಂದೆ ಹೊಗಳಿರಲಿಲ್ಲ! ಕಪ್ಪು ಬಟ್ಟೆ, ಕುತ್ತಿಗೆ ತುಂಬ ಮಾಲೆ, ಬೆಳಗ್ಗೆ ತಣ್ಣೀರು. ಅದನ್ನು ನೋಡಿ ತನ್ನ ಮಗನಿಗೂ, "ನೀನು ಅಷ್ಟಾದರೂ ಮಾಡು" ಎಂದು ಬೈದದ್ದುಂಟು.

ಬಸ್ಸಿನಲ್ಲಿ ಊರಿಗೆ ವಾಪಸು ಬರುವಾಗ ಅವನಿಗೆ ಮಗನಿಗಿಂತ ಹೆಚ್ಚಾಗಿ ಭೂತಮ್ಮ ನೆನಪಿಗೆ ಬಂದಳು. ಎರಡು ವರ್ಷದ ಹಿಂದೆ ತೀರಿಕೊಳ್ಳುವುದಕ್ಕೆ ಮುಂಚಿನ ನಾಲ್ಕು ವರ್ಷ ಅವಳು ಅವನ ಮುಖವನ್ನು ನೆಟ್ಟಗೆ ನೋಡುತ್ತಿರಲಿಲ್ಲ. ಮಾತಾಡುವಾಗ ಗೋಡೆಯ ಕಡೆಗೋ ಕಂಬದ ಕಡೆಗೋ ಮುಖ ತಿರುಗಿಸಿ, ಓರೆಗಣ್ಣಲ್ಲಿ ನೋಡುತ್ತಿದ್ದಳು. ತನ್ನ ಮೇಲೆ ಏನೋ ಮುನಿಸು ಎಂದುಕೊಂಡ. ಒಂದು ದಿನ ಸಿಟ್ಟಿನಿಂದ, "ಗಂಡಂಗೆ ಮುಖ ಕೊಟ್ಟು ಮಾತಾಡೋಕೆ ನಿಂಗೇನು ರೋಗ?" ಎಂದು ಕೇಳಿಯೂ ಬಿಟ್ಟ. ಅವಳು, "ನೆಟ್ಟಗೆ ನೋಡಿದ್ರೆ ನಿಮ್ಮ ಮುಖಾನೇ ಇರಲ್ಲ ಕಣ್ರೀ" ಎಂದಳು. ಅದನ್ನೂ ಅವನು ಕೊಂಕು ಎಂದೇ ತಿಳಿದ. ಆಗ ಶ್ರೀರಂಗಯ್ಯ ಪಕ್ಕದಲ್ಲೇ ಕೂತಿದ್ದ. "ವಯಸ್ಸಾಯ್ತಲ್ಲ, ಪೊರೆ ಬಂದಿರ್ತದೆ ಬುಡು" ಎಂದಿದ್ದ. ಎಲ್ಲವೂ ಗೊತ್ತಿದ್ದು ಹಾಗೆಂದಿದ್ದ.

ಅವನು ಮನೆಗೆ ಹೋಗದೆ ನೆಟ್ಟಗೆ ಅಣ್ಣನ ತೋಟಕ್ಕೆ ಹೋದ. ಶ್ರೀರಂಗಯ್ಯ ಕೊಬ್ಬರಿ ಅಟ್ಟದ ಕೆಳಗೆ ಸುಲಿದ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿವಿಗೆ ಹಿಡಿದು ನೋಡುತ್ತಿದ್ದ. ಕನ್ನಡಕದ ಪೊಟ್ಟಣವನ್ನು ತಮ್ಮ ಅವನ ಮುಂದೆ ಇಟ್ಟ.

"ನಿಜಾಮುದ್ದೀನ್ ಸಾಬ್ರು ಹೇಳಿದ್ರು."

ಶ್ರೀರಂಗಯ್ಯ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಇಲ್ಲವೆನ್ನಲಿಲ್ಲ.

"ಆ ವರ್ಷ ಮಗಳ ಮದ್ವೆ ಗೊತ್ತಾಗಿತ್ತು. ರೋಗದ ಮನೆ ಅಂದ್ರೆ ಯಾರ್ ಬಂದಾರು?"

"ಮದ್ವೆ ಆಗಿ ಆರು ವರ್ಷ ಆಯ್ತಲ್ಲಣ್ಣ."

"ಮೊದಲ್ನೇ ವರ್ಷ ಹೇಳ್ನಿಲ್ಲ. ಎರಡ್ನೇ ವರ್ಷ ಹೇಳೋಕೆ ಹೋದ್ರೆ ಮೊದಲ್ನೇ ವರ್ಷ ಯಾಕೆ ಹೇಳ್ನಿಲ್ಲ ಅಂತಿದ್ರಿ. ಹಂಗೇ ಉಳೀತು."

"ಹಂಗೇ ಉಳೀತು! ನನ್ ಕೈಲಿ ನನ್ ಮಗನ ತಲೆ ಮೇಲೆ ಹೊಡಿಸ್ದೆ. ವರ್ಷ ವರ್ಷ ಮುಂದೆ ನಿಂತು ಹೊಡಿಸ್ದೆ. ನಿನ್ ಮಗನ್ನ ಮಾಲೆ ಹಿಂದೆ ಬಚ್ಚಿಟ್ಕಂಡೆ."

"ಎಲ್ಲಾರ್ಗೂ ಕಣ್ಣು ಹೋಗಲ್ಲ ಕಣ್ಲಾ. ಅಷ್ಟು ಜನ ಕೂತಿದ್ರು, ಯಾರ್ಗೆ ಏನಾಗಿತ್ತು? ಅದೃಷ್ಟ ಅಂದ್ಕಂಡೆ."

"ನನ್ ಮಗನ ಅದೃಷ್ಟ ನೋಡ್ತಾ ಕೂತಿದ್ಯಾ?"

ಶ್ರೀರಂಗಯ್ಯ ಪೊಟ್ಟಣವನ್ನು ತಮ್ಮನ ಕಡೆಗೇ ದೂಡಿದ. "ರೋಗ ಅಂತ ಒಪ್ಕಂಡ್ರೆ ಅಮ್ಮ ಏನಾಗ್ತಾಳೆ, ಹೇಳು. ಅಪ್ಪ, ತಾತ, ಮುತ್ತಾತ ಪೂಜೆ ಮಾಡಿದ್ದು ರೋಗಕ್ಕಾ?"

ತಿಪಟೂರಿನಿಂದ ಇಲ್ಲಿಯವರೆಗೂ ಹುಚ್ಚರಂಗಯ್ಯನೂ ಅದನ್ನೇ ಕೇಳಿಕೊಳ್ಳುತ್ತ ಬಂದಿದ್ದ. ಕಡೆಗೆ ಹೇಳಿದ: "ಈ ವರ್ಷ ಪವಾಡ ಬ್ಯಾಡ. ಎಲ್ಲಾರ್ಗೂ ನೀನೇ ಹೇಳು. ನಾನು ಬಾಯಿ ಬಿಡಾಕಿಲ್ಲ. ತಪ್ಪು ಮಾಡ್ದೋನೇ ಹೇಳಿದ್ರೆ ಅಮ್ಮನೂ ಕ್ಷಮಿಸ್ತಾಳೆ, ಜನನೂ ಕ್ಷಮಿಸ್ತಾರೆ."

"ಹೇಳ್ತೀನಿ. ಮನೆಮನೆಗೆ ಹೋಗಿ ಹೇಳೋ ಮಾತಲ್ಲ ಇದು. ಅವತ್ತು ಎಲ್ಲಾ ಸೇರಿರ್ತಾರಲ್ಲ, ಗುಡಿ ಮುಂದೆ ನಿಂತು ಹೇಳ್ತೀನಿ."

"ಅಮ್ಮನಾಣೆ?"

"ಅಮ್ಮನಾಣೆ ಕಣಪ್ಪ."

ಆ ಆಣೆಯನ್ನು ಹುಚ್ಚರಂಗಯ್ಯ ನಂಬಿದ. ಅಷ್ಟಾದ ಮೇಲೂ ನಂಬಿದ. ತಂದೆ ಸತ್ತ ಮೇಲೆ ಸಾಕಿದ ಅಣ್ಣ, ಹೆಗಲ ಮೇಲೆ ಕೂರಿಸಿಕೊಂಡು ಗುಡಿಗೆ ಕರೆದೊಯ್ದ ಅಣ್ಣ. ಅವನ ಮುಖಕ್ಕೆ ತಾನೇ ಮಸಿ ಬಳಿಯಬಾರದು, ಅವನೇ ತೊಳೆದುಕೊಳ್ಳಲಿ ಎಂಬ ಆಸೆ. ಹನ್ನೆರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದ. ಮಗ ಒಪ್ಪತ್ತು ಹಿಡಿದು ಬರಿ ನೆಲದ ಮೇಲೆ ಮಲಗಿದ್ದನ್ನು ನೋಡಿದ. ಹೇಗೂ ಕಾಯಿ ಒಡೆಯುವುದಿಲ್ಲ, ಉಪವಾಸದಿಂದ ಕೇಡೇನಿಲ್ಲ ಎಂದು ಸುಮ್ಮನಾದ. ಮಧುಶ್ರೀ ಮಾತ್ರ ಒಂದು ಬೆಳಿಗ್ಗೆ ಕಾಫಿ ಇಟ್ಟು, "ಮಾವ, ಅವರ ಕಣ್ಣು ಹೋದ್ರೆ ನಾನು ಯಾರನ್ನ ಕೇಳ್ಲಿ? ನಿಮ್ಮನ್ನೋ, ನಿಮ್ಮ ಅಮ್ಮನ್ನೋ?" ಎಂದಳು. "ಏನೂ ಆಗಲ್ಲ ಬುಡವ್ವ" ಎಂದ. ಅವಳಿಗೆ ಅದೂ ದೊಡ್ಡಮಾವನ ಮಾತಿನಂತೆಯೇ ಕೇಳಿಸಿರಬೇಕು.

ಪವಾಡದ ದಿನ ಬಿಸಿಲೇರುವ ಹೊತ್ತಿಗೆ ಗುಡಿಯ ಮುಂದೆ ಮನೆತನದವರೆಲ್ಲ ಸೇರಿದರು. ಸಗಣಿ ಸಾರಿಸಿದ ನೆಲದ ಮೇಲೆ ಏಳು ಮಣೆ. ಜುಟ್ಟು ಬಿಟ್ಟು ಸುಲಿದ ಏಳು ಕಾಯಿ ಬಿದಿರ ತಟ್ಟೆಯಲ್ಲಿ. ಸೂರ್ಯಪ್ರಕಾಶ ಮೊದಲನೆಯ ಮಣೆಯ ಮೇಲೆ, ಹೊಸ ಕನ್ನಡಕವನ್ನು ಹೆಂಡತಿಯ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದ. ನೆತ್ತಿಯ ಭಂಡಾರ ಹಣೆಗೆ ಇಳಿದಿತ್ತು. ಕೊನೆಯಲ್ಲಿ ಕೂತಿದ್ದವನಿಗೆ ಈ ವರ್ಷವೇ ಹದಿನೆಂಟು ತುಂಬಿತ್ತು. ಅವನ ತಾಯಿ ಸಿದ್ದಗಂಗಮ್ಮ ಸಂತೋಷದಿಂದ ಹೊಸ ಸೀರೆ ಉಟ್ಟು ಬಂದಿದ್ದಳು.

ಶ್ರೀರಂಗಯ್ಯ ಮುಂದೆ ಬಂದು ಗಂಟಲು ಸರಿಮಾಡಿಕೊಂಡ. ಹುಚ್ಚರಂಗಯ್ಯ ಅಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದ.

"ಡೊಳ್ಳು ಬಾರಿಸ್ರಪ್ಪ. ಪವಾಡ ಶುರುವಾಗ್ಲಿ" ಎಂದ ಶ್ರೀರಂಗಯ್ಯ.

"ಅಣ್ಣಾ, ಹೇಳು."

"ಏನ್ ಹೇಳ್ಲಿ?"

"ಆಸ್ಪತ್ರೆ ವಿಚಾರ."

"ಯಾವ ಆಸ್ಪತ್ರೆ?" ಶ್ರೀರಂಗಯ್ಯ ಜನರ ಕಡೆ ತಿರುಗಿದ. ಅವನ ದನಿಯಲ್ಲಿ ಮರುಕವಿತ್ತು. "ಭೂತಮ್ಮ ಹೋದಾಗ್ನಿಂದ ನಮ್ ತಮ್ಮಯ್ಯಂಗೆ ಬುದ್ಧಿ ಸ್ತಿಮಿತದಲ್ಲಿಲ್ಲ ಕಣ್ರಪ್ಪ. ಏನೇನೋ ಹಚ್ಕಂಡು ಕೊರಗ್ತಾನೆ. ಪಾಪ, ಬುಡಿ. ಕೈ ನಡುಗಿದ್ರೆ ಈ ವರ್ಷ ನಾನೇ ಒಡಿತೀನಿ."

ಜನ ಅಯ್ಯೋ ಎಂದರು. ಯಾರೋ ಹುಚ್ಚರಂಗಯ್ಯನ ತೋಳು ಹಿಡಿದು ನೆರಳಿಗೆ ಕರೆದರು. ತನ್ನ ಹೆಂಡತಿಯ ಸಾವನ್ನು ಅಣ್ಣ ಹೀಗೆ ಬಳಸಿಕೊಳ್ಳಬಹುದೆಂದು ಅವನಿಗೆ ತೋಚಿರಲಿಲ್ಲ. ನೋಡುತ್ತಿದ್ದಂತೆ ಶ್ರೀರಂಗಯ್ಯ ತಟ್ಟೆಯಿಂದ ಕಾಯಿ ಎತ್ತಿಕೊಂಡು ಸೂರ್ಯಪ್ರಕಾಶನ ಹಿಂದೆ ನಿಂತ. ಡೊಳ್ಳು ಏರಿತು.

ಹುಚ್ಚರಂಗಯ್ಯ ಹಿಡಿದವರ ಕೈ ಕೊಡವಿ ಬಂದು ಅಣ್ಣನ ಎರಡೂ ಮಣಿಕಟ್ಟು ಹಿಡಿದ. ಡೊಳ್ಳು ನಿಂತಿತು.

"ಸಣ್ಣತಿಮ್ಮಾ!" ಎಂದು ಕೂಗಿದ. "ಮುಂದಕ್ಕೆ ಬಾ ಮಗ."

ಕಪ್ಪು ಬಟ್ಟೆಯ ಸಣ್ಣತಿಮ್ಮಯ್ಯ ಬೇವಿನ ಮರದ ಕೆಳಗಿಂದ ಎರಡು ಹೆಜ್ಜೆ ಬಂದ.

"ಮಣೆ ಮೇಲೆ ಕೂತ್ಕೊ ಅನ್ನಾಕಿಲ್ಲ. ಸ್ವಾಮಿ ಮಾಲೆ ಹಾಕಿದೀಯ, ಆ ಮಾಲೆ ಮುಟ್ಟಿ ಒಂದು ಮಾತು ಹೇಳು. ಏಳು ವರ್ಷದಿಂದ ನಿನ್ ಕಣ್ಣಿಗೆ ಬೆಂಗ್ಳೂರಲ್ಲಿ ಸೂಜಿ ಹಾಕಿಸ್ಕಂತಾ ಇಲ್ಲ ಅಂತ ಹೇಳಿಬುಡು. ನಾನೇ ಹುಚ್ಚ ಅಂತ ಒಪ್ಕಂತೀನಿ. ನಿಮ್ಮಪ್ಪಾನೇ ಒಡೀಲಿ."

"ಹೇಳ್ಲಾ!" ಎಂದ ಶ್ರೀರಂಗಯ್ಯ.

ಸಣ್ಣತಿಮ್ಮಯ್ಯನ ಬಲಗೈ ಎದೆಯವರೆಗೆ ಏರಿತು. ಮಾಲೆಯ ಹತ್ತಿರ ಬಂದು, ಮುಟ್ಟದೆ, ಅಲ್ಲೇ ನಿಂತಿತು. ಅವನು ತಂದೆಯ ಕಡೆ ನೋಡಿದ. ಮಣೆಯ ಮೇಲೆ ಕೂತ ಸೂರ್ಯಪ್ರಕಾಶನ ಕಡೆ ನೋಡಿದ. ಕೈ ಕೆಳಗೆ ಬಿತ್ತು. "ನಂಗಾಗಲ್ಲಪ್ಪ" ಎಂದ.

ಸೂರ್ಯಪ್ರಕಾಶ ಕಣ್ಣು ತೆರೆದ. ಎದ್ದ. ಮಧುಶ್ರೀಯ ಕೈಯಿಂದ ಕನ್ನಡಕ ತೆಗೆದುಕೊಂಡು ಹಾಕಿಕೊಂಡ. ದೊಡ್ಡಪ್ಪನ ಕಡೆ ಅವನು ತಿರುಗಲಿಲ್ಲ. ತಂದೆಯ ಮುಂದೆ ಬಂದು ನಿಂತ.

"ನಿಂಗೆ ಯಾವತ್ತು ಗೊತ್ತಾಯ್ತಪ್ಪ?"

"ಹನ್ನೆರಡು ದಿನ ಆಯ್ತು ಮಗ. ಅವನೇ ಹೇಳ್ತಾನೆ ಅಂತ—"

"ಹನ್ನೆರಡು ದಿನ. ನಾನು ಒಂಬತ್ತು ದಿನ ಒಪ್ಪತ್ತು ಇದ್ದೆ. ನಿನ್ ಎದುರಿಗೇ ಬರಿ ನೆಲದಲ್ಲಿ ಬಿದ್ಕಂಡಿದ್ದೆ. ನಿಂಗೆ ನಿಮ್ಮಣ್ಣನ ಮಾನ ದೊಡ್ಡದಾಯ್ತು."

"ನಾನು ಒಡೀತಿರ್ಲಿಲ್ಲ ಕಣೋ."

"ಅವರು ಒಡೀತಿದ್ರಲ್ಲ. ಒಂದು ಚಣ ತಡ ಆಗಿದ್ರೆ?"

ಸೂರ್ಯಪ್ರಕಾಶ ಹೆಂಡತಿಯ ಭುಜ ಹಿಡಿದು ರಸ್ತೆಯ ಕಡೆ ನಡೆದ. ಚಿಕ್ಕನಾಯಕನಹಳ್ಳಿಯ ಬಸ್ಸು ಬರುವ ಹೊತ್ತಾಗಿತ್ತು. ಮಧುಶ್ರೀ ಒಂದು ಸಲ ತಿರುಗಿ ನೋಡಿದಳು, ಅವನು ತಿರುಗಲಿಲ್ಲ.

ಆಮೇಲೆ ಹುಚ್ಚರಂಗಯ್ಯ ಗುಡಿಯ ಮೆಟ್ಟಿಲ ಮೇಲೆ ನಿಂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಸುಣ್ಣದಂಥದ್ದು ಕಣ್ಣಲ್ಲಿ ಕಟ್ಟುವುದು, ಬಿರಿಯುವುದು, ಸೂಜಿ ಹಾಕಿಸಿದರೆ ತಡೆಯಬಹುದಾದದ್ದು. ಹೇಳುತ್ತಿದ್ದಂತೆ ತಾಯಂದಿರ ಕೈಗಳು ಮಕ್ಕಳ ಕುತ್ತಿಗೆಗೆ ಹೋದವು. ಮೊದಲು ಹಬ್ಬ ಮಾಡುತ್ತಿದ್ದ ಕೈಗಳೇ. ಸಿದ್ದಗಂಗಮ್ಮ ಮಗನನ್ನು ಮಣೆಯಿಂದ ಎಬ್ಬಿಸಿ, ಅವನ ನೆತ್ತಿಯ ಭಂಡಾರವನ್ನು ಹೊಸ ಸೀರೆಯ ಸೆರಗಿನಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದಳು.

"ಮನೆ ಒಡೆದೆ ಕಣ್ಲಾ" ಎಂದ ಶ್ರೀರಂಗಯ್ಯ, ಹೋಗುವ ಮುಂಚೆ.

ಸಂಜೆ ಹುಚ್ಚರಂಗಯ್ಯ ಎಂದಿನಂತೆ ಮಿಂದು ಗುಡಿಯ ಬಾಗಿಲು ತೆರೆದ. ಅಮ್ಮನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಅವಳು ಯಾವತ್ತೂ ಮಕ್ಕಳ ತಲೆಯನ್ನು ಕೇಳಿದವಳಲ್ಲ. ಕೇಳಿದವರು ಬೇರೆ, ಕೊಟ್ಟ ಕೈ ತನ್ನದು. ದೀಪಕ್ಕೆ ಎಣ್ಣೆ ಬಿಟ್ಟ. ಹೂವಿಟ್ಟ. ಮಂಗಳಾರತಿಗೆ ಮುಂಚೆ ಮನೆತನದ ಪ್ರತಿಯೊಬ್ಬರ ಹೆಸರು ಹೇಳಿ ಕಾಪಾಡು ತಾಯಿ ಎನ್ನುವುದು ಪೂಜಾರಿಯ ಕೆಲಸ. ಹಿರಿಯನಿಂದ ಆರಂಭಿಸಿ ತೊಟ್ಟಿಲ ಕೂಸಿನವರೆಗೆ, ವಯಸ್ಸಿನ ಕ್ರಮದಲ್ಲಿ. ನಲವತ್ತೊಂದು ವರ್ಷ ಹೇಳಿ ಹೇಳಿ ಅದು ಅವನ ಬಾಯಿಗೆ ಒಂದೇ ದಾರದಂತೆ ಬರುತ್ತಿತ್ತು. ಆ ದಾರದ ಮೊದಲ ಹೆಸರು ಶ್ರೀರಂಗಯ್ಯ.

ಅವನು ಬಾಯಿ ತೆರೆದ. ಹೆಸರು ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಅದೊಂದನ್ನು ಬಿಟ್ಟು, ಮಗನ ಹೆಸರನ್ನಾದರೂ ಹೇಳೋಣವೆಂದು ತಡಕಿದ. ಆದರೆ ತುದಿ ಸಿಗದೆ ನಡುವಿನ ಹೆಸರು ಹೇಗೆ ಎತ್ತಿಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ. ಕೈಯ ತಟ್ಟೆಯಲ್ಲಿ ಕರ್ಪೂರ ಉರಿದು ಸಣ್ಣದಾಗುತ್ತಿತ್ತು. ಆ ಸಂಜೆ ಅವನು ಅಮ್ಮನಿಗೆ ಯಾರ ಹೆಸರನ್ನೂ ಹೇಳದೆ ಮಂಗಳಾರತಿ ಎತ್ತಿದ.